ಗೂಡಿನಲ್ಲಿದ್ದ ಫೋನು, ಗುಡ್ಡದಂಥ ಗೆರೆ

ಹೆಂಗಸರಿಗೆ ಒಳ್ಳೆಯದು ಮಾಡುತ್ತೇವೆ ಎಂದು ಬಂದವರು ಒಬ್ಬ ಹೆಂಗಸಿನ ಗುಟ್ಟನ್ನು ಅವಳ ಅತ್ತೆಯ ಮುಂದೆಯೇ ಒದರಿ, ಆಮೇಲೆ ಆ ಖುಷಿಗೆ ಕರದಂಟು ಹಂಚಿದರು. ನಡೆದದ್ದು ಇಷ್ಟೇ. ಬಂದವರು ಇದನ್ನು ಕಲಿಕೆ ಅಂದರು. ನನ್ನ ಮೊಮ್ಮಗಳು ಸುಜಾತಾ ‘ಆವತ್ತಿಂದು’ ಎಂದು ಅರ್ಧಕ್ಕೆ ಬಿಟ್ಟು ಮಾತು ಹೊರಳಿಸುತ್ತಾಳೆ. ನಾನು ಹೇಸಿಗೆ ಅನ್ನುತ್ತೇನೆ. ಸಗಣಿ ಮುಟ್ಟಿದ ಕೈ ತೊಳೆದರೆ ಸ್ವಚ್ಛವಾಗುತ್ತದೆ. ಇದು ತೊಳೆದರೆ ಹೋಗುವಂಥದ್ದಲ್ಲ.

ಮೊನ್ನೆ ನಮ್ಮ ಓಣಿಯಲ್ಲಿ ಒಂದು ಮದುವೆಯ ನಿಶ್ಚಯ ಆಯಿತು. ಗೋಕಾಕದಿಂದ ಕರದಂಟಿನ ಡಬ್ಬಿಗಳನ್ನು ತಂದು ಮನೆಮನೆಗೆ ಕೊಟ್ಟರು. ಮುಚ್ಚಳ ತೆಗೆದೆ. ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ, ಒಣಕೊಬ್ಬರಿ, ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಮುಚ್ಚಳ ಒತ್ತಿ ಹಾಕಿದೆ. ಡಬ್ಬಿಯನ್ನು ಓಣಿಯ ಮಕ್ಕಳಿಗೆ ಕೊಟ್ಟು ಹಿತ್ತಲಿಗೆ ಹೋಗಿ ಎಮ್ಮೆಯ ಬಾಜೂ ನಿಂತೆ. ಗಂಜಲದ ವಾಸನೆ ಅದಕ್ಕಿಂತ ಹಿತವಾಗಿತ್ತು. ಊರಿಗೆಲ್ಲ ಕರದಂಟೆಂದರೆ ಬಾಯಲ್ಲಿ ನೀರು ಬರುತ್ತದೆ. ನನಗೆ ಆ ವರ್ಷದ ಶ್ರಾವಣ ಬರುತ್ತದೆ.

ನಾನು ಗೋಕಾಕ ತಾಲೂಕಿನ ಮೇಲವಂಕಿಯವಳು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ಒಂದು ಎಮ್ಮೆ ಇದೆ, ಕೂಲಿಗೆ ಕರೆದರೆ ಹೋಗುತ್ತೇನೆ, ಬೆಣ್ಣೆ ಮಾಡಿ ಗೋಕಾಕಕ್ಕೆ ಒಯ್ದು ಮಾರುತ್ತೇನೆ. ಬರೆಯುವ ರೂಢಿ ಇಲ್ಲ. ಆದರೆ ಈ ಸಂಗತಿಯನ್ನು ನನ್ನ ಬಾಯಿಂದ ಕೇಳಿ ತಮ್ಮ ಬಾಯಿಂದ ಹೇಳಿದವರೆಲ್ಲ ಪ್ರತಿಸಲ ಅದಕ್ಕೆ ಒಂದು ಚೂರು ಬೆಲ್ಲ ಹಾಕಿದ್ದಾರೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನನ್ನ ಮಗಳನ್ನು ಮೂಡಲಗಿಗೆ ಕೊಟ್ಟಿದ್ದೇನೆ. ಸುಜಾತಾ ಅವಳ ಹಿರಿಯ ಮಗಳು. ನಿಡಸೋಸಿಯ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಮುಗಿಸಿದಳು. ಒಂದು ಕಂಪನಿಯವರು ಅವಳನ್ನು ತೆಗೆದುಕೊಂಡರು, ಆದರೆ ಖಾಯಂ ಮಾಡಿರಲಿಲ್ಲ. ಮಿರಗದ ಮಳೆ ಚೆನ್ನಾಗಿ ಬಿದ್ದು ಅರಿಶಿಣದ ಹೊಲಗಳಲ್ಲಿ ಕಸ ತೆಗೆಯುವ ಕೆಲಸ ಜೋರಾಗಿದ್ದ ಹೊತ್ತಿಗೆ ಬಂದಳು.

“ಏನ್ ಕೆಲಸಬೇ ನಿಂದು?” ಎಂದು ಕೇಳಿದೆ.

“ಹೆಣ್ಣಮಕ್ಕಳ ಆರೋಗ್ಯಕ್ಕಂತ ಫೋನಿನ್ಯಾಗ ಒಂದ ಆಪ್ ಮಾಡಾಕತ್ತಾರ ಆಯಿ. ಅದನ್ನ ಬಳಸೋರಿಗೆ ಮೊದಲ ಏನ ಕಾಣಬೇಕು, ಆಮ್ಯಾಲೆ ಏನ ಕೇಳಬೇಕು, ಅವರ ಮನಸ್ಸಿಗೆ ಹೆಂಗ ಅನಸಬೇಕು, ಇದನ್ನೆಲ್ಲಾ ಕುಂತು ಯೋಜನೆ ಹಾಕೂದು ನಮ್ಮ ಕೆಲಸ. ಯೂಸರ್ ಎಕ್ಸ್‌ಪೀರಿಯನ್ಸ್ ಸ್ಟ್ರ್ಯಾಟಜಿ ಅಂತಾರ ಅದಕ್ಕ.”

“ಬಳಸೂಕಿಂತ ಮೊದಲ ಬಳಸೋರಿಗೆ ಹೆಂಗ ಅನಸ್ತೈತಿ ಅಂತ ಹೆಂಗ ಗೊತ್ತಾಕ್ಕೇತಿ?”

“ಅದಕ್ಕ ಕೇಳಾಕ ಬರ್ತಾರಲ್ಲ. ನಮ್ಮ ಮೇಡಮ್ಮಾರು ನಿಮ್ಮನೀಗೆ ಬರೋರು ಅದಾರ. ಅವಲಕ್ಕಿ ಮಾಡ. ಇದು ಛಲೋ ಆತಂದ್ರ ಮಳಿಗಾಲ ಮುಗಿಯೂದ್ರಾಗ ನನ್ನ ಖಾಯಂ ಮಾಡ್ತಾರ.”

ಆ ಆಪಿಗೆ ಒಂದು ಹೆಸರಿಟ್ಟಿದ್ದರು. ಅದನ್ನಿಲ್ಲಿ ಬರೆದು ಅದಕ್ಕೆ ಮರ್ಯಾದೆ ಕೊಡುವುದಿಲ್ಲ.

ಮೇಡಂ ಬೆಂಗಳೂರಿನವರು. ಕಾರಿನಿಂದ ಇಳಿದು ನನ್ನ ಕಾಲು ಮುಟ್ಟಿದರು. ಕುರ್ಚಿ ಹಾಕಿದೆ. ಬೇಡ ಎಂದು ನೆಲದ ಮೇಲೆ ಕುಳಿತರು, ಹಾಗೆ ಕುಳಿತದ್ದನ್ನು ಫೋಟೋ ತೆಗೆಸಿಕೊಂಡರು. ಫೋಟೋ ಆದ ಮೇಲೆ ಸೊಂಟ ನೋವೆಂದು ಕುರ್ಚಿಗೆ ಏರಿದರು. ಅವರ ತಂಡ ಗೋಕಾಕದ ಒಂದು ಲಾಡ್ಜಿನಲ್ಲಿ ಇಳಿದುಕೊಂಡಿತ್ತು. ಮೂಡಲಗಿಯ ಸಂತೆಯಲ್ಲಿ ಹೆಂಗಸರನ್ನು ನಿಲ್ಲಿಸಿ ಕೇಳಿದ್ದರು, ಹುಕ್ಕೇರಿಯ ಕಡೆಗೂ ಹೋಗಿ ಬಂದಿದ್ದರು. ನಮ್ಮೂರಲ್ಲಿ ನಾಲ್ಕಾರು ದಿನ ಕೆಲಸವಿತ್ತು. ಸಮುದಾಯ ಭವನ ಸೋರುತ್ತಿತ್ತೆಂದು ಎಲ್ಲವೂ ನನ್ನ ಪಡಸಾಲೆಯಲ್ಲೇ ನಡೆಯಿತು.

ಗೋಡೆಯ ತುಂಬ ಹಳದಿ, ಗುಲಾಬಿ ಬಣ್ಣದ ಚೀಟಿ ಅಂಟಿಸಿದರು. ಬುದ್ಧನ ಪಟ ಒಂದನ್ನು ಬಿಟ್ಟರು, ಅದು ನಾನು ನಿಂತು ನೋಡುತ್ತಿದ್ದೆನೆಂದು. ಹೆಂಗಸರು ಹೇಳಿದ ಒಂದೊಂದು ಮಾತೂ ಒಂದೊಂದು ಚೀಟಿ. ನಡುವೆ ಒಂದು ದೊಡ್ಡ ಕಾಗದದಲ್ಲಿ ಒಬ್ಬ ಹೆಂಗಸಿನ ಚಿತ್ರ. ಹಸಿರು ಸೀರೆ, ಹಣೆಯಲ್ಲಿ ಕುಂಕುಮ, ಬಾಯಿ ತುಂಬ ನಗು, ಕೈಯಲ್ಲಿ ಫೋನು. ಕೆಳಗೆ ‘ಸಾವಕ್ಕ’ ಎಂದು ಬರೆದಿತ್ತು.

“ಯಾರ ಮನ್ಯಾಕಿಬೇ ಈಕಿ?” ಎಂದು ಸುಜಾತಾಳನ್ನು ಕೇಳಿದೆ.

“ಆಕಿ ಯಾರೂ ಅಲ್ಲ ಆಯಿ. ನೀವೆಲ್ಲಾರೂ ಕೂಡಿ ಆಕಿ ಆಗೀರಿ. ನಾವು ಏನ ಮಾಡಬೇಕಾದ್ರೂ ಇದು ಸಾವಕ್ಕಗ ಹೆಂಗ ಅನಸ್ತೈತಿ ಅಂತ ವಿಚಾರ ಮಾಡ್ತೇವಿ.”

“ಯಾರೂ ಅಲ್ಲದಾಕಿ ಇಷ್ಟ ಯಾಕ ನಗಾಕತ್ತಾಳ?”

ಇನ್ನೊಂದು ಉದ್ದನೆಯ ಕಾಗದದ ಮೇಲೆ ಸಾವಕ್ಕನ ಪ್ರಯಾಣ ಅಂತ ಬರೆದರು. ಅವಳು ಎಲ್ಲಿಗೂ ಹೋಗುವುದಿಲ್ಲ. ಮೊದಲು ಅವಳಿಗೆ ಏನೋ ಚಿಂತೆ, ಆಮೇಲೆ ಫೋನು ತೆಗೆಯುತ್ತಾಳೆ, ಆಮೇಲೆ ಫೋನು ಮಾತಾಡುತ್ತದೆ, ಆಮೇಲೆ ಅವಳಿಗೆ ಸಮಾಧಾನ. ಪ್ರತಿ ಮೆಟ್ಟಿಲಿಗೂ ಒಂದು ದುಂಡನೆಯ ಮುಖ. ಮೊದಲಿನದು ಜೋಲು ಮುಖ, ಕೊನೆಯದು ನಗೆಮುಖ. ಮಕ್ಕಳು ಸೀಮೆಸುಣ್ಣದಲ್ಲಿ ಬಾಗಿಲಿಗೆ ಗೀಚುತ್ತವಲ್ಲ, ಅಂಥವು. ಇದಕ್ಕೆ ಮೂವರು ಕೂಡಿ ಒಂದು ಇಡೀ ಹಗಲು ಕಳೆದರು. ಅಷ್ಟರಲ್ಲಿ ನಾನು ಎರಡು ಪಟ್ಟಿ ಅರಿಶಿಣದ ಕಸ ತೆಗೆದು ಬಂದಿದ್ದೆ.

ಓಣಿಯ ಹೆಂಗಸರು ಬಂದು ಅವಲಕ್ಕಿ ತಿಂದು, ಚಹಾ ಕುಡಿದು, ಕೇಳಿದ್ದಕ್ಕೆಲ್ಲ ಹೂಂ ಅಂದರು.

“ಇದು ಮೊಣಕಾಲ ಬ್ಯಾನಿಗೂ ಹೇಳತೈತೇನ್ರಿ?” ಎಂದು ಒಬ್ಬಳು.

“ಗಂಡ ಕುಡಿಯೂದ ಬಿಡಾಕ ಏನರ ಐತೇನ್ರಿ ಇದರಾಗ?” ಎಂದು ಇನ್ನೊಬ್ಬಳು.

“ಇದ್ರ ನನಗ ಮೊದಲ ಹಚ್ಚಿ ಕೊಡ್ರಿ,” ಎಂದು ಮೂರನೆಯವಳು. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು, ಅದನ್ನೂ ಚೀಟಿಯಲ್ಲಿ ಬರೆದುಕೊಂಡರು.

ತಾವು ತಂದ ಫೋನುಗಳನ್ನು ಒಬ್ಬೊಬ್ಬರ ಕೈಗೆ ಕೊಟ್ಟು, ಒಬ್ಬೊಬ್ಬರನ್ನೇ ಒಳಗಿನ ಕೋಣೆಯಲ್ಲಿ ಕೂಡಿಸಿ ತೋರಿಸಿದರು. “ಹೇಗನಿಸ್ತು?” ಎಂದು ಕೇಳಿದರೆ ಎಲ್ಲರದೂ ಒಂದೇ ಮಾತು: “ಛಲೋ ಐತ್ರಿ.” ನಮ್ಮ ಕಡೆ ಮನೆಗೆ ಬಂದವರು ತಮ್ಮದೊಂದು ಸಾಮಾನು ತೋರಿಸಿದರೆ ಯಾರೂ ಚೆನ್ನಾಗಿಲ್ಲ ಅನ್ನುವುದಿಲ್ಲ. ಹೊಸ ಕುಪ್ಪಸ ಎತ್ತಿ ತೋರಿಸಿದರೂ ಛಲೋ ಐತಿ, ಸುಟ್ಟ ರೊಟ್ಟಿ ಬಡಿಸಿದರೂ ಛಲೋ ಐತಿ. ಇದನ್ನು ನಂಬಿಕೊಂಡು ಅವರು ಯೋಜನೆ ಕಟ್ಟಿದರು.

ಕೊನೆಗೆ ಗಟ್ಟಿ ಮಾಡಿದ್ದೇನೆಂದರೆ, ಹೆಂಗಸರಿಗೆ ಓದುವುದು ತ್ರಾಸು, ಆದ್ದರಿಂದ ಆಪು ಮಾತಾಡಬೇಕು. ಮಾತಾಡುವ ದನಿ ಈ ಕಡೆಯದೇ ಇರಬೇಕು, ಸ್ವಂತ ಗೆಳತಿಯ ದನಿಯಂತಿರಬೇಕು, ಹೆಸರು ಹಿಡಿದು ಕರೆಯಬೇಕು. ಆ ದನಿ ಸುಜಾತಾಳದೇ ಆಯಿತು. ತಗಡಿನ ಮೇಲೆ ಮಳೆಯ ಸದ್ದು ಬರುತ್ತದೆಂದು ಅವಳು ನನ್ನ ಕೌದಿ ಹೊದ್ದು, ಅದರೊಳಗೆ ಫೋನು ಹಿಡಿದುಕೊಂಡು ಮಾತಾಡಿದಳು. “ಹ್ಯಾಂಗದೀರಿ? ನಾ ನಿಮ್ಮ ಗೆಳತಿ. ತಪ್ಪಲಪಲ್ಯ ತಿನ್ರಿ. ನಗುನಗುತ ಇರ್ರಿ.” ಕೌದಿ ಅಲುಗಾಡುವುದನ್ನು ನೋಡಿ ನನಗೆ ನಗು. “ಭೂತ ಹೊಕ್ಕೈತೇನ ಕೌದ್ಯಾಗ?” ಎಂದರೆ, “ಗಪ್ ಕೂಡ್ರ ಆಯಿ, ನಿನ್ನ ದನೀನೂ ಬರತೈತಿ,” ಎಂದು ಒಳಗಿನಿಂದಲೇ ಬೈದಳು.

ಇನ್ನು ರೇಣುಕಾಳ ಮಾತು. ನನ್ನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಗೌರವ್ವನ ಸೊಸೆ, ಪರಶುನ ಹೆಂಡತಿ. ಎರಡು ಹೆಣ್ಣುಮಕ್ಕಳು. ಎರಡನೆಯದು ಹುಟ್ಟುವಾಗ ರಕ್ತ ನಿಲ್ಲದೆ ಜೀವ ಹೋಗಿ ಬಂತು. ಇನ್ನೊಂದು ಹಡೆದರೆ ಅವಳು ಉಳಿಯುವುದು ಕಷ್ಟ ಎಂದು ಡಾಕ್ಟರು ಪರಶುನ ಎದುರಿಗೇ ಹೇಳಿದ್ದರು. ಅವನು ಬಸ್ಸಿನಲ್ಲಿ ಬರುವಾಗಲೇ ಮರೆತ. ಗೌರವ್ವನಿಗೆ ಮೊಮ್ಮಗ ಬೇಕು. ಆಪರೇಶನ್ನಿನ ಮಾತು ಎತ್ತಲು ಬಿಡಲಿಲ್ಲ. ಆಗ ರೇಣುಕಾ ಸರಕಾರಿ ದವಾಖಾನೆಯಲ್ಲಿ ಬಸಿರು ನಿಲ್ಲದಂತೆ ಮೂರು ತಿಂಗಳಿಗೊಮ್ಮೆ ಹಾಕುವ ಸೂಜಿ ಹಾಕಿಸಿಕೊಳ್ಳತೊಡಗಿದಳು. ಗೊತ್ತಿದ್ದದ್ದು ನನಗೊಬ್ಬಳಿಗೆ. ದಿನ ಬಂದಾಗ ನಾನು ಗೋಡೆಯ ಈಚೆಯಿಂದ, “ರೇಣುಕಾ, ಬೆಣ್ಣಿ ಮಾರಾಕ ಹೊಂಟೇನಿ, ಬುಟ್ಟಿ ಹಿಡಿಯಾಕ ಬಾರವಾ,” ಎಂದು ಕೂಗುತ್ತಿದ್ದೆ. ಗೌರವ್ವನೇ ಅವಳನ್ನು ಕಳಿಸುತ್ತಿದ್ದಳು.

ಸುಜಾತಾ ರೇಣುಕಾಳನ್ನು ಚಿಕ್ಕಂದಿನಿಂದ ಬಲ್ಲಳು, ಅತ್ತಿಗೆಯನ್ನು ಕರೆದಂತೆ ವೈನಿ ಎಂದು ಕರೆಯುತ್ತಾಳೆ. ಒಂದು ತಿಂಗಳು ಕೆಲವು ಮನೆಗಳಲ್ಲಿ ಆಪು ನಡೆಸಿ ನೋಡುವುದು ಅಂತಾಯಿತು. “ಖರೇ ಹೆಂಗಸರು, ಖರೇ ವಿಷಯ ಬೇಕು ವೈನಿ. ನಿನಗ ಯಾವುದು ನೆನಪ ಮಾಡಬೇಕು, ಹೇಳ,” ಎಂದು ಕೇಳಿದಳು. ನಾನು ಅಲ್ಲೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ರೇಣುಕಾ ನನ್ನ ಮುಖ ನೋಡಿ, ಆಮೇಲೆ ಮೆಲ್ಲಗೆ ಹೇಳಿದಳು.

“ಯಾರಿಗೂ ಗೊತ್ತಾಗೂದಿಲ್ಲಲ್ಲ ಸುಜ್ಜಿ?”

“ಯಾರಿಗೂ ಗೊತ್ತಾಗೂದಿಲ್ಲ. ಇದು ನಿನಗ ಅಷ್ಟ.”

ಸುಳ್ಳು ಹೇಳಿದಳೆಂದು ನಾನು ಅನ್ನುವುದಿಲ್ಲ. ಅವಳು ನಂಬಿಯೇ ಹೇಳಿದಳು. ಸಾವಕ್ಕನ ಚಿತ್ರದಲ್ಲಿ ಫೋನು ಸಾವಕ್ಕನ ಕೈಯಲ್ಲೇ ಇತ್ತಲ್ಲ. ಕೋಣೆಯಲ್ಲಿ ಒಬ್ಬೊಬ್ಬರಿಗೇ ತೋರಿಸಿದಾಗಲೂ ಅವರವರ ಕೈಯಲ್ಲೇ ಇತ್ತು. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಕಿವಿಯಲ್ಲಿ ವಾಯರು ಸಿಕ್ಕಿಸಿಕೊಂಡು ಓಡಾಡಿದವಳಿಗೆ ಫೋನೆಂದರೆ ಒಬ್ಬರದೇ ಸ್ವತ್ತು.

ನಮ್ಮ ಓಣಿಯಲ್ಲಿ ಹಾಗಲ್ಲ. ಮನೆಯ ಫೋನು ಗೋಡೆಯ ಗೂಡಿನಲ್ಲಿ ಚಾರ್ಜಿಗೆ ಹಚ್ಚಿಕೊಂಡು ಕುಳಿತಿರುತ್ತದೆ, ದೀಪ ಇದ್ದ ಹಾಗೆ. ಅದು ಬಡಿದುಕೊಂಡರೆ ಹತ್ತಿರ ಇದ್ದವರು ಒತ್ತುತ್ತಾರೆ. ಒತ್ತಿದವರು ದನಿ ದೊಡ್ಡದು ಮಾಡಿ ಅಲ್ಲೇ ಬಿಡುತ್ತಾರೆ. ಮಾತಾಡುವವರು ಕೆಲಸ ಮಾಡುತ್ತಲೇ ದೂರದಿಂದ ಒದರುತ್ತಾರೆ, ಮನೆಮಂದಿಯೆಲ್ಲ ಕೇಳುತ್ತಾರೆ, ನಡುವೆ ಬಾಯಿ ಹಾಕುತ್ತಾರೆ. ಸೊಸೆಯಾದವಳು ಫೋನನ್ನು ಕಿವಿಗೆ ಇಟ್ಟುಕೊಂಡು ಹಿತ್ತಲಿಗೆ ಹೋದಳೋ, “ಏನ್ ಗುಸುಗುಸು ನಿಂದು?” ಎಂದು ಶುರು. ಕಿವಿಗಿಟ್ಟುಕೊಂಡರೆ ಕಳ್ಳತನ, ದೊಡ್ಡದಾಗಿ ಹಚ್ಚಿದರೆ ಸಂಭಾವಿತತನ. ಇದು ನಮಗೆ ಎಷ್ಟು ರೂಢಿಯೆಂದರೆ, ಚೀಟಿ ಬರೆಯುವವರು ಇಷ್ಟು ಕೇಳಿದರೂ ಇದನ್ನು ಹೇಳಬೇಕೆಂದು ಒಬ್ಬಳಿಗೂ ಹೊಳೆಯಲಿಲ್ಲ. ನನಗೂ ಇಲ್ಲ.

ಮೊದಮೊದಲು ಎಲ್ಲ ಸಡಗರವೇ. ಸಂಜೆ ಗೌರವ್ವನ ಮನೆಯ ಗೂಡಿನಲ್ಲಿ ಟಿಣ್ ಅಂದರೆ ರೇಣುಕಾಳ ಹಿರಿಯ ಮಗಳು ಓಡಿ ಹೋಗಿ ಒತ್ತುತ್ತಿದ್ದಳು. “ಬರ್ರೋ, ಸುಜ್ಜಿ ಮಾತಾಡಾಕತ್ತಾಳ!” ಎಂದು ಗೌರವ್ವ ಕರೆಯುತ್ತಿದ್ದಳು. ತಪ್ಪಲಪಲ್ಯ ತಿನ್ರಿ ಅಂದರೆ, “ಕೇಳಿದಿಲ್ಲೋ ಪರಸ್ಯಾ, ರಾಜಗೀರಿ ತಾ ಅಂತಾಳ ನೋಡ,” ಎಂದು ಮಗನಿಗೆ ಹೇಳುತ್ತಿದ್ದಳು. ಒಂದೇ ಮಾತನ್ನು ಎರಡೆರಡು ಸಲ ಹಚ್ಚಿ ಕೇಳುತ್ತಿದ್ದರು. ನನ್ನ ಮೊಮ್ಮಗಳ ದನಿ ಗೋಡೆಯಾಚೆಯಿಂದ ಕೇಳಿ ನನಗೂ ಹಿಗ್ಗಾಗುತ್ತಿತ್ತು.

ಪಂಚಮಿ ಇನ್ನೂ ಒಂದು ವಾರವಿತ್ತು. ಹೊರಗೆ ಜಿಟಿಜಿಟಿ. ನಾನು ರೊಟ್ಟಿ ಬಡಿಯುತ್ತಿದ್ದೆ. ಆಚೆ ಟಿಣ್ ಅಂದಿತು. ಹುಡುಗಿ ಓಡಿದ್ದು ಕೇಳಿಸಿತು. ಆಮೇಲೆ ಸುಜಾತಾಳ ದನಿ, ಮಳೆಯ ಸದ್ದಿಗಿಂತ ಸ್ವಚ್ಛವಾಗಿ:

“ರೇಣುಕಾ ವೈನಿ, ಹ್ಯಾಂಗದೀರಿ? ನಾ ನಿಮ್ಮ ಗೆಳತಿ. ಬಸರ ನಿಲ್ಲಬಾರ್ದು ಅಂತ ಮೂರ ತಿಂಗಳಿಗೊಮ್ಮೆ ಹಾಕ್ಕೋತೀರಲ್ಲ, ಆ ಸೂಜಿ ದಿನಾ ಬಂತು. ಮುಂದಿನ ಸೋಮವಾರ ದವಾಖಾನಿಗೆ ಹೋಗೂದ ಮರೀಬ್ಯಾಡ್ರಿ. ನಗುನಗುತ ಇರ್ರಿ.”

ರೊಟ್ಟಿ ಬಡಿಯುವ ನನ್ನ ಕೈ ನಿಂತಿತು.  ಆಚೆ ಗೌರವ್ವನ ದನಿ ಎದ್ದಿತು.

“ಯಾ ಸೂಜಿ ಅದು? ಏ ರೇಣುಕಾ. ಯಾ ಸೂಜಿಬೇ ಅದು?”

ಪರಶು ಬಂದ. “ಇನ್ನೊಮ್ಮೆ ಹಚ್ಚ ಅದನ್ನ,” ಅಂದ. ಇನ್ನೊಮ್ಮೆ ಹಚ್ಚಿದರು. ಅವನ ಕಾಕಾನನ್ನು ಕರೆಸಿದರು, ಅವನಿಗೆ ಹಚ್ಚಿ ಕೇಳಿಸಿದರು. ಕಾಕಾನ ಹೆಂಡತಿ ಬಂದಳು, ಅವಳಿಗೆ. ಓಣಿಯ ಇಬ್ಬರು ಹಿರಿಯರು ಬಂದರು, ಅವರಿಗೆ. ಪ್ರತಿಸಲ ನನ್ನ ಮೊಮ್ಮಗಳು ಹ್ಯಾಂಗದೀರಿ ಎಂದು ಕೇಳಿದಳು. ಪ್ರತಿಸಲ ನಗುನಗುತ ಇರ್ರಿ ಎಂದು ಮುಗಿಸಿದಳು. ಹಿಟ್ಟಿನ ಕೈಯಲ್ಲೇ ನಾನು ಅವರ ಮನೆಗೆ ಹೋದೆ. ರೇಣುಕಾ ಒಲೆಯ ಮುಂದೆ ಕುಳಿತಿದ್ದಳು. ಪರಶು ಫೋನನ್ನು ಅವಳ ಮುಖಕ್ಕೆ ಹಿಡಿದಿದ್ದ.

“ಬಂದ್ ಮಾಡೋ ಅದನ್ನ!” ಎಂದೆ.

“ಯಾಕ ಆಯಿ? ನಿಮ್ಮ ಸುಜ್ಜೀ ದನೀನ ಅಲ್ಲೇನ? ನಿಮ್ಮ ಮನಿ ಹುಡಿಗೀನ ಹೇಳಾಕತ್ತಾಳ, ನೀ ಯಾಕ ಬಂದ್ ಮಾಡ ಅಂತಿ?”

 

“ನಾ ಸಾಯಬೇಕಾಗಿತ್ತೇನ್ ಹಂಗಾರ?” ಎಂದಳು ರೇಣುಕಾ. ಅಳಲಿಲ್ಲ.

“ಹಡದೋರೆಲ್ಲಾ ಸತ್ತಾರೇನ? ನಾ ಐದ ಹಡದೇನಿ. ಸತ್ತೇನೇನ?” ಎಂದಳು ಗೌರವ್ವ.

“ನೀ ಸಾಯೂದಿಲ್ಲ ಬಿಡ,” ಎಂದೆ ನಾನು. “ನಿನ್ನ ಒಯ್ಯಾಕ ಬಂದಾವ ಹೆದರಿ ಹೊಳ್ಳಿ ಹೋಕ್ಕಾನ.”

ಅವತ್ತಿನಿಂದ ಆ ಮನೆಯವರು ನನ್ನೊಡನೆ ಮಾತು ಬಿಟ್ಟರು. ಹಿರಿಯ ಮಗಳು ಫೋನು ಮುಟ್ಟುವುದನ್ನು ಬಿಟ್ಟಳು. ಗೂಡಿನಲ್ಲಿ ಎಷ್ಟು ಬಡಿದುಕೊಂಡರೂ ದೂರ ನಿಂತು ನೋಡುತ್ತಿತ್ತು ಆ ಕೂಸು.

ನಮ್ಮ ಓಣಿಯಲ್ಲಿ ಬುದ್ಧನ ಪಟ ಹಾಕಿಕೊಂಡರೂ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದನ್ನು ಬಿಟ್ಟಿಲ್ಲ. ರೇಣುಕಾಳ ತವರು ಹುಕ್ಕೇರಿಯ ಬಾಜೂಕಿನ ಹಳ್ಳಿ. ಕರೆದೊಯ್ಯಲು ಅವಳ ಅಪ್ಪ ಬಂದ. ಗೌರವ್ವ ಅಂಗಳದಲ್ಲೇ ನಿಂತು ಅವನಿಗೆ ಹೇಳಿದ್ದು ನನಗೂ ಕೇಳಲಿ ಎಂದೇ ಹೇಳಿದಂತಿತ್ತು: “ಸೂಜಿ ಬಿಟ್ಟೇನಿ ಅಂತ ನಿಮ್ಮ ಮಗಳ ಬಾಯಿಲೆ ಹೇಳಿಸ್ರಿ. ಹೇಳಿದ್ಲಂದ್ರ ಪರಸ್ಯಾ ಬಂದು ಕರಕೊಂಡ ಬರ್ತಾನ. ಇಲ್ಲಾಂದ್ರ ಅಲ್ಲೇ ಇಟ್ಕೋರಿ. ಹಿರೀ ಹುಡಿಗಿ ಸಾಲಿ ಐತಿ, ಇಲ್ಲೇ ಇರ್ಲಿ.” ಅಪ್ಪ ಗೋಣು ಹಾಕಿದ. ರೇಣುಕಾ ಸಣ್ಣವಳನ್ನು ಬಗಲಲ್ಲಿ ಎತ್ತಿಕೊಂಡು ಹೋದಳು. ಹಬ್ಬಕ್ಕೆ ಹೋಗುವವಳಿಗೆ ಕಟ್ಟಿಕೊಡುವ ಉಂಡೆಯ ಗಂಟೂ ಕೈಯಲ್ಲಿರಲಿಲ್ಲ.

ನಾನು ಆ ವಾರವೇ ಗೋಕಾಕಕ್ಕೆ ಹೋಗಿ ಸುಜಾತಾಳನ್ನು ಕಾಣಬೇಕೆಂದಿದ್ದೆ. ಆದರೆ ಹೊಳೆ ಏರಿತು. ಮೇಲೆ ಡ್ಯಾಮಿನಿಂದ ನೀರು ಬಿಟ್ಟರು, ಸೇತುವೆಯ ಮೇಲೆ ನೀರು ಬಂದು ಬಸ್ಸು ನಿಂತವು. ಬೆಣ್ಣೆ ಮನೆಯಲ್ಲೇ ಹುಳಿಯಿತು. ಸೂಜಿಯ ಸೋಮವಾರ ಹೋಯಿತು. ಕೆಲವು ದಿನ ಹಿಂದುಮುಂದಾದರೆ ನಡೆಯುತ್ತದೆ, ಬಹಳ ತಡ ಮಾಡಬೇಡಿರೆಂದು ಸಿಸ್ಟರ್ ಮೊದಲೇ ಹೇಳಿದ್ದು ನನಗೆ ನೆನಪಿತ್ತು. ಸುಜಾತಾಳಿಗೆ ಫೋನು ಮಾಡಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ನನ್ನ ಫೋನೂ ಗೂಡಿನಲ್ಲೇ ಇದೆ, ಗೋಡೆ ಒಂದೇ ಇದೆ.

ಪಂಚಮಿ ಮುಗಿದು ಬಸ್ಸು ಶುರುವಾದ ಮೇಲೆ ಒಂದು ಸುದ್ದಿ ಬಂತು. ಅಪ್ಪನ ಮನೆಯಲ್ಲಿ ರೇಣುಕಾಳ ಬಾಯಿಂದ ಹೂಂ ಅನಿಸಿದ್ದರು. ಗುರುವಾರ ಪರಶು ಹೋಗಿ ಕರೆದುಕೊಂಡು ಬರುವವನಿದ್ದ. ಅಂದು ಮಂಗಳವಾರ. ಬೆಣ್ಣೆಯ ಬುಟ್ಟಿ ಹೊತ್ತು ಗೋಕಾಕದ ಬಸ್ಸು ಹತ್ತಿದೆ.

ಲಾಡ್ಜಿನ ಮೇಲಿನ ದೊಡ್ಡ ಕೋಣೆಯಲ್ಲಿ ಅವರು ಕುಳಿತಿದ್ದರು. ನನ್ನ ಮನೆಯ ಗೋಡೆಯ ಮೇಲಿದ್ದ ಚೀಟಿಗಳೆಲ್ಲ ಅಲ್ಲಿಯ ಗೋಡೆಗೆ ಬಂದಿದ್ದವು, ಸಾವಕ್ಕನೂ ಬಂದಿದ್ದಳು. ಬಿಳಿ ಪರದೆಯ ಮೇಲೆ ಬೆಳಕು ಬಿಟ್ಟು ಏನೋ ತೋರಿಸಿಕೊಳ್ಳುತ್ತಿದ್ದರು. ಮೇಜಿನ ಮೇಲೆ ಕರದಂಟಿನ ಡಬ್ಬಿ ತೆರೆದಿತ್ತು.

“ಅಜ್ಜೀ! ಸರಿಯಾದ ದಿನವೇ ಬಂದ್ರಿ,” ಎಂದು ಮೇಡಂ ಎದ್ದು ಬಂದು ನನ್ನ ಕೈ ಹಿಡಿದರು. “ಬನ್ನಿ, ಇದನ್ನ ನೀವು ನೋಡಲೇಬೇಕು.”

ಪರದೆಯ ಮೇಲೆ ಒಂದು ಗೆರೆ ಇತ್ತು. ಎಡದಿಂದ ಬಲಕ್ಕೆ ಸಣ್ಣ ಸಣ್ಣ ದಿಬ್ಬ ಏರಿಳಿದು, ಒಂದು ಕಡೆ ಥಟ್ಟನೆ ಗೋಕಾಕದ ಗುಡ್ಡದ ಹಾಗೆ ಎದ್ದು ನಿಂತಿತ್ತು.

“ಯಾರು ಎಷ್ಟು ಸಲ ಕೇಳ್ತಾರೆ ಅನ್ನೋದು ನಮಗೆ ಇಲ್ಲಿ ಕಾಣುತ್ತೆ. ಮೂರು ತಾಲೂಕಿನಲ್ಲಿ ನಿಮ್ಮೂರಿನ ರೇಣುಕಾ ಅವರೇ ನಂಬರ್ ಒನ್. ಅದರಲ್ಲೂ ಈ ಒಂದು ಸಂದೇಶ ನೋಡಿ, ಒಂದೇ ಸಂಜೆ ಎಷ್ಟು ಸಲ ಹಾಕಿ ಹಾಕಿ ಕೇಳಿದ್ದಾರೆ! ಸುಜಾತಾ ಧ್ವನಿ ಅವರಿಗೆ ಅಷ್ಟು ಆಪ್ತವಾಗಿದೆ. ನಮ್ಮ ಯೋಜನೆ ಸರಿ ಇದೆ ಅನ್ನೋದಕ್ಕೆ ಇದಕ್ಕಿಂತ ಇನ್ನೇನು ಬೇಕು ಅಜ್ಜಿ?”

ಸುಜಾತಾ ಓಡಿ ಬಂದು ಒಂದು ತುಂಡು ಕರದಂಟನ್ನು ನನ್ನ ಕೈಗೆ ಇಟ್ಟಳು. “ಆಯಿ, ಬಾಯಿ ಸೀ ಮಾಡ್ಕೋ. ಈ ಗೆರಿ ಮ್ಯಾಲಿಂದನ ನನ್ನ ಖಾಯಂ ಮಾಡಿದ್ರು.”

ಆ ಗುಡ್ಡ ಯಾವ ಸಂಜೆಯದೆಂದು ನಾನು ಕೇಳಬೇಕಾಗಿರಲಿಲ್ಲ. ಅದರ ಒಂದೊಂದು ಏರಿಕೆಯನ್ನೂ ಹಿಟ್ಟಿನ ಕೈಯಲ್ಲಿ ನಿಂತು ಕೇಳಿದ್ದೆ. ಇದು ಕಾಕಾ. ಇದು ಕಾಕಾನ ಹೆಂಡತಿ. ಇದು ಹಿರಿಯರಿಬ್ಬರು. ತುದಿಯಲ್ಲಿರುವುದು ಒಲೆಯ ಮುಂದೆ, ಮುಖಕ್ಕೆ ಹಿಡಿದದ್ದು.

“ಅದನ್ನ ಕೇಳಿದಾಕಿ ರೇಣುಕಾ ಅಲ್ಲ,” ಎಂದೆ.

ಎಲ್ಲ ಹೇಳಿದೆ. ಗೂಡು, ದೊಡ್ಡ ದನಿ, ಗೌರವ್ವ, ಪರಶು, ಗುರುವಾರ. ಕೂಗಾಡಲಿಲ್ಲ.  ನನ್ನ ಅಂಗೈಯಲ್ಲಿ ಕರದಂಟು ಕರಗಿ ಜಿಗಿಜಿಗಿ ಅಂಟಿಕೊಳ್ಳುತ್ತಿತ್ತು. ಸುಜಾತಾಳ ಮುಖ ಸುಣ್ಣದಂತಾಯಿತು.

ಮೇಡಂ ಮೊದಲು, “ಅಯ್ಯೋ,” ಅಂದರು. ಕಣ್ಣು ಮುಚ್ಚಿ ಉಸಿರು ಬಿಟ್ಟರು. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವರನ್ನು ಮನುಷ್ಯರೆಂದು ಬರೆಯುತ್ತಿದ್ದೆ. ಆಮೇಲೆ ಅವರು ಒಂದು ಹಳದಿ ಚೀಟಿ ತೆಗೆದುಕೊಂಡರು. ಅದರ ಮೇಲೆ ಏನೋ ಬರೆದರು. ಸಾವಕ್ಕನ ಪ್ರಯಾಣದ ಕಾಗದದ ಮುಂದೆ ನಿಂತು ಅದನ್ನು ಎಲ್ಲಿ ಅಂಟಿಸಲಿ ಎಂದು ಹುಡುಕಿದರು. ಕೊನೆಯ ನಗೆಮುಖವನ್ನು ಕಿತ್ತು, ಅಲ್ಲಿ ಪೆನ್ನಿನಿಂದ ಒಂದು ಅಳುಮುಖ ಬರೆದರು. ಎರಡು ಹನಿ ಕಣ್ಣೀರನ್ನೂ ಇಟ್ಟರು. ಅದರ ಕೆಳಗೆ ಚೀಟಿ ಅಂಟಿಸಿ, ಕಳಚಿ ಬೀಳಬಾರದೆಂದು ಬೆರಳಿನಿಂದ ಒತ್ತಿದರು.

“ಇದು ನಮಗೆ ತುಂಬಾ ದೊಡ್ಡ ಕಲಿಕೆ ಅಜ್ಜಿ. ನೀವು ಬರದೇ ಇದ್ದಿದ್ರೆ ಗೊತ್ತೇ ಆಗ್ತಿರಲಿಲ್ಲ. ಒಂದು ಉಪಕಾರ ಮಾಡ್ತೀರಾ? ಇದನ್ನೇ ಇನ್ನೊಂದು ಸಲ ನಿಧಾನವಾಗಿ ಹೇಳಿ. ರೆಕಾರ್ಡ್ ಮಾಡ್ಕೋತೀವಿ. ನೀವು ತುಂಬಾ ಚೆನ್ನಾಗಿ ಹೇಳ್ತೀರ.” ಹೀಗೆಂದು ತಮ್ಮ ಫೋನನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

ನನ್ನ ಕೈಯಲ್ಲಿದ್ದ ಕರದಂಟನ್ನು ಆ ಫೋನಿನ ಮೇಲಿಟ್ಟು ಅಂಗೈಯಿಂದ ಒತ್ತಿದೆ. ಚೆನ್ನಾಗಿ ಒತ್ತಿದೆ. ಅಂಟು ಛಲೋ ಹಿಡಿಯಿತು. ಬುಟ್ಟಿ ಎತ್ತಿಕೊಂಡು ಹೊರಗೆ ಬಂದೆ.

ಸುಜಾತಾ ಮೆಟ್ಟಿಲ ಮೇಲೆ ಹಿಂದೆಯೇ ಓಡಿ ಬಂದಳು. ಅಳುತ್ತಿದ್ದಳು. ಅಳು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ಅಳಬೇಕಾದವಳು ಅತ್ತಿರಲಿಲ್ಲ.

“ನನಗ ಗೊತ್ತಿರಲಿಲ್ಲ ಆಯಿ.”

“ಮೂಡಲಗ್ಯಾಗ ನಿಮ್ಮ ಮನಿ ಫೋನ ಎಲ್ಲಿ ಇರತೈತಿ?”

“...ಗೂಡಿನ್ಯಾಗ.”

“ಯಾರ ಒತ್ತತಾರ?”

“ಯಾರರ.”

“ಮತ್ತ?”

ಅವಳು ಕಣ್ಣು ಒರೆಸಿಕೊಂಡಳು. “ಆ ಮಾತ ಈಗಿಂದೀಗ ತಗದ ಹಾಕ್ತೀನಿ ಆಯಿ.”

“ಗೌರವ್ವನ ಕಿವ್ಯಾಗಿಂದೂ ತಗೀತೇನ? ನಾಳೆ ಮುಂಜಾನೆ ಹುಕ್ಕೇರಿ ಸ್ಟ್ಯಾಂಡಿಗೆ ಬಾ.”

“ನಾಳೆ ಮೀಟಿಂಗ್ ಐತಿ ಆಯಿ. ದೊಡ್ಡವರು ಬರೋರದಾರ.”

“ಬಾ ಅಂದೆ.”

ಆ ಆಪು ಇನ್ನೂ ಇದೆಯಂತೆ, ಈಗ ದನಿ ಬರುವ ಮೊದಲು ‘ಒಬ್ಬರೇ ಇದ್ದೀರಾ?’ ಎಂದು ಕೇಳುತ್ತದಂತೆ. ಕೇಳುವುದೂ ದೊಡ್ಡ ದನಿಯಲ್ಲೇ. ಇದನ್ನು ನನಗೆ ಯಾರೋ ಹೊಗಳಿ ಹೇಳಿದರು.

ಮರುದಿನ ಮುಂಜಾನೆ ಎಮ್ಮೆ ಹಿಂಡಿ, ಹಾಲನ್ನು ಹೆಪ್ಪು ಹಾಕಿ, ಮೊದಲ ಬಸ್ಸಿಗೆ ಹೊರಟೆ. ಗೋಕಾಕಕ್ಕೆ, ಅಲ್ಲಿಂದ ಘಟಪ್ರಭಾ ಊರಿನ ಮೇಲೆ ಹಾಯ್ದು ಹುಕ್ಕೇರಿಗೆ. ಸುಜಾತಾ ಸ್ಟ್ಯಾಂಡಿನಲ್ಲಿ ನಿಂತಿದ್ದಳು, ರಾತ್ರಿ ನಿದ್ದೆ ಮಾಡಿರಲಿಲ್ಲ.  ಟಂಟಂ ರಿಕ್ಷಾ ಹಿಡಿದು ರೇಣುಕಾಳ ತವರಿಗೆ ಹೋದೆವು. ಅವಳ ಅಪ್ಪ ಹೊಲಕ್ಕೆ ಹೋಗಿದ್ದ. ಅವ್ವ ಬಾಗಿಲಲ್ಲಿ ನಿಂತು ಬಳೆ ತಿರುವುತ್ತಿದ್ದಳು.

“ಪ್ಯಾಟ್ಯಾಗ ಬೆಣ್ಣಿ ಮಾರೂದೈತಿ, ಬುಟ್ಟಿ ಹಿಡಿಯಾಕ ರೇಣುಕಾನ ಕಳಸ್ರಿ,” ಎಂದೆ.

ಬುಟ್ಟಿಯಲ್ಲಿ ಬೆಣ್ಣೆ ಇರಲಿಲ್ಲ. ಆ ತಾಯಿ ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. “ಲಗೂನ ಕರಕೊಂಡ ಹೋಗ್ರಿ, ಅವ್ರು ಮಧ್ಯಾಹ್ನ ಊಟಕ್ಕ ಬರ್ತಾರ,” ಎಂದು ಕೂಸನ್ನು ಮಗಳ ಬಗಲಿನಿಂದ ಇಳಿಸಿಕೊಂಡಳು.

“ವೈನಿ,” ಎಂದಳು ಸುಜಾತಾ.

ರೇಣುಕಾ ಬೆಚ್ಚಿಬಿದ್ದು ಹಿಂದೆ ತಿರುಗಿದಳು. ಸುಜಾತಾಳ ಮುಖ ನೋಡಲಿಲ್ಲ. ಗೋಡೆಯ ಗೂಡು ನೋಡಿದಳು.

“ನೀ ಬಾಯಿ ತಗೀಬ್ಯಾಡ,” ಎಂದೆ ಮೊಮ್ಮಗಳಿಗೆ. “ಇವತ್ತ ದಿನಾ ಪೂರ್ತಿ ತಗೀಬ್ಯಾಡ.”

ದಾರಿಯಲ್ಲಿ ರೇಣುಕಾಳಿಗೆ ಹೇಳಬೇಕಾದ್ದನ್ನು ಹೇಳಿದೆ. “ನಾಳೆ ಪರಸ್ಯಾ ಬಂದು ಸೂಜಿ ಬಿಟ್ಟಿ ಏನ್ ಅಂತ ಕೇಳ್ತಾನ. ಬಿಟ್ಟೇನಿ ಅನ್ನು. ಕಣ್ಣಾಗ ಕಣ್ಣ ಇಟ್ಟ ಅನ್ನು.”

“ಮುಂದಿಂದು, ಆಯಿ?”

“ದೀಪಾವಳಿ ಮುಂದ ನನ್ನ ಎಮ್ಮಿ ಹಿಂಡ್ತಿರ್ತೈತಿ. ಬೆಣ್ಣಿ ಇರ್ತೈತಿ.”

“ಅತ್ತಿ ನಿಮ್ಮ ಸಂಗಾಟ ಮಾತ ಬಿಟ್ಟಾರಲ್ಲ.”

“ಆಕಿ ಮಾತ ಬಿಟ್ರ ಏನಾತು, ಕಿವಿ ಬಿಟ್ಟಿಲ್ಲ. ಕೂಗ್ತೀನಿ.”

ಹುಕ್ಕೇರಿಯ ಸರಕಾರಿ ದವಾಖಾನೆಯಲ್ಲಿ ಪಾಳಿ ಉದ್ದ ಇತ್ತು. ಬಾಕಿನ ಮೇಲೆ ರೇಣುಕಾಳನ್ನು ನಡುವೆ ಕೂಡಿಸಿಕೊಂಡು ಕುಳಿತೆವು. ಬಾಜೂ ಒಬ್ಬ ಮುದುಕಿ, ಎಲೆ ಅಡಿಕೆ ಜಗಿಯುತ್ತ, ನಮ್ಮ ಮೂವರನ್ನೂ ಮೇಲಿಂದ ಕೆಳಗೆ ನೋಡಿದಳು.

“ಏನ್ ಆಗೇತ್ರಿ ಹುಡಿಗಿಗೆ?”

“ನಾಯಿ ಕಡದೈತ್ರಿ. ಸೂಜಿ ಹಾಕಸಾಕ ಬಂದೇವಿ.”

“ಅಯ್ಯ ಶಿವನ. ಬೀದಿ ನಾಯೇನ್ರಿ?”

“ಅಲ್ರಿ, ಸಾಕಿದ್ದು. ನಮ್ಮನೀದ.”

ಸುಜಾತಾ ತುಟಿ ತೆರೆದಳು. ನಾನು ಅವಳನ್ನು ನೋಡಿದೆ. ಮುಚ್ಚಿದಳು. ಒಳಗಿನಿಂದ ಸಿಸ್ಟರ್ ಕರೆದರು. ರೇಣುಕಾಳ ಸೆರಗು ಸರಿಮಾಡಿ ಒಳಗೆ ಕಳಿಸಿ, ಬಾಗಿಲನ್ನು ನಾನೇ ಎಳೆದು ಮುಚ್ಚಿದೆ.